ಬ್ಯಾರನ್ನಿಗೆ ಹೋದ ಮುಂಗುಸಿ

ನನ್ನ ಯಜಮಾನರಾದ ಮಹೇಂದ್ರ ಅವರ ಮೂಗಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ಹನಗೋಡಿನ ಸುತ್ತ ಹತ್ತು ಹಳ್ಳಿಯಲ್ಲಿ ಅಂಥ ಮೂಗು ಇನ್ನೊಂದಿಲ್ಲವಂತೆ. ಹಾಗಂತ ಹೇಳುವವರೂ ಅವರೇ. ಬ್ಯಾರನ್ನಿನ ಹೊರಗೆ ನಿಂತು ಗೋಡೆಗೆ ಮೂಗು ಒಡ್ಡಿದರೆ ಸಾಕು, ಒಳಗಿನ ಹೊಗೆಸೊಪ್ಪು ಹಳದಿಗೆ ತಿರುಗಿತೋ ಇಲ್ಲವೋ, ಇನ್ನೆಷ್ಟು ಗಂಟೆ ಬೆಂಕಿ ಬೇಕು, ಎಲ್ಲ ಹೇಳಿಬಿಡುತ್ತಾರೆ. (ಅದೇ ಮೂಗಿನ ಮುಂದೆ ಸಾರು ತಳ ಹಿಡಿದು ಕರಕಲಾದರೂ "ಇವತ್ತು ಒಗ್ಗರಣೆ ಚೆನ್ನಾಗಿ ಬಿದ್ದದೆ" ಎಂದು ಊಟ ಮಾಡಿ ಎದ್ದದ್ದುಂಟು.)

ಬ್ಯಾರನ್ ಎಂದರೆ ಏನೆಂದು ತಿಳಿಯದ ಪುಣ್ಯವಂತರಿಗೆ ಒಂದು ಮಾತು. ಅದೊಂದು ಎತ್ತರದ, ಕಿಟಕಿಯಿಲ್ಲದ ಮನೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಕಡ್ಡಿಗಳನ್ನು ಸಾಲಾಗಿ ಒಳಗೆ ತೂಗುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಯಿಂದ ಐದಾರು ದಿನ ಶಾಖ ಕೊಟ್ಟು ಬಂಗಾರದ ಬಣ್ಣಕ್ಕೆ ತರುತ್ತಾರೆ. ನಡುವೆ ಬಾಗಿಲು ತೆಗೆಯುವಂತಿಲ್ಲ. ನಮ್ಮ ದೇವರ ಮನೆಗೂ ಇಷ್ಟು ಮಡಿ ಇಲ್ಲ. ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ ಹೆಂಗಸರದ್ದು, ಬಣ್ಣ ಚೆನ್ನಾಗಿ ಬಂದರೆ ಮೀಸೆ ತಿರುವುವ ಕೆಲಸ ಗಂಡಸರದ್ದು.

ಕೆ.ಆರ್. ನಗರದಲ್ಲಿರುವ ನನ್ನ ತಂಗಿ ಮಾತ್ರ ನಮ್ಮ ಮನೆಗೆ ಬಂದರೆ ಮೂಗಿಗೆ ಸೆರಗು ಹಿಡಿಯುತ್ತಾಳೆ. ನಾವು ಅಲ್ಲಿಗೆ ಹೋದರೆ ನಮ್ಮ ಬ್ಯಾಗುಗಳಿಗೆ ಜಗುಲಿಯ ಮೇಲೇ ವಾಸ್ತವ್ಯ. "ಅಕ್ಕಾ, ನಿಮ್ಮ ಬಟ್ಟೆಯೆಲ್ಲ ಹೊಗೆಸೊಪ್ಪಿನ ಘಾಟು" ಎನ್ನುತ್ತಾಳೆ. ನಾನು ಎಷ್ಟೋ ಸಲ ಸೀರೆ ಮೂಸಿ ನೋಡಿದ್ದೇನೆ. ಸೋಪಿನ ವಾಸನೆ ಬಿಟ್ಟು ಇನ್ನೇನೂ ಇಲ್ಲ. ಭತ್ತದ ಗದ್ದೆಯವರಿಗೆ ಕೊಬ್ಬು ಸ್ವಲ್ಪ ಜಾಸ್ತಿ ಎಂದುಕೊಂಡು ಸುಮ್ಮನಾಗಿದ್ದೇನೆ.

ಇನ್ನು ನನ್ನ ವಿಷಯ. ನಾನು ವಾಣಿಶ್ರೀ, ನಮ್ಮೂರ ಸರ್ಕಾರಿ ಶಾಲೆಯ ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ. ಅಧಿಕಾರಕ್ಕೆ ಬಂದ ಮೊದಲ ತಿಂಗಳಲ್ಲೇ ನಾನೊಂದು ಐತಿಹಾಸಿಕ ಕಾರ್ಯ ಮಾಡಿದೆ. ಊರಿಗೆ ಊರೇ ಹೊಗೆಸೊಪ್ಪು ಬೆಳೆಯುವ ಕಡೆ ಶಾಲೆಯ ಗೇಟಿಗೆ "ತಂಬಾಕು ಮುಕ್ತ ಶಾಲೆ" ಎಂಬ ಬೋರ್ಡು ಹಾಕಿಸಿದೆ. ಕಾಂಪೌಂಡಿನ ಸುತ್ತ ಹಳದಿ ಗೆರೆ ಎಳೆಸಿದೆ. ಬೋರ್ಡಿನ ಕೆಳಗೆ ನನ್ನ ಹೆಸರನ್ನು ಸಾಧಾರಣ ಗಾತ್ರದಲ್ಲಿ ಬರೆಸಿದೆ. (ಹುಣಸೂರಿನ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ, ಅದು ಬೇರೆ ವಿಷಯ.) ಅಷ್ಟಕ್ಕೇ ನಿಲ್ಲದೆ ನಡಾವಳಿ ಪುಸ್ತಕದಲ್ಲಿ ಒಂದು ನಿಯಮವನ್ನೂ ಬರೆಸಿದೆ: ಹಳದಿ ಗೆರೆಯ ಒಳಗೆ ಯಾರಾದರೂ ತಂಬಾಕು ತಂದರೆ ಏಳು ದಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ನಿಂತು ಪ್ರತಿಜ್ಞೆ ಓದಬೇಕು. ಪ್ರತಿಜ್ಞೆಯ ಕರ್ತೃವೂ ನಾನೇ.

ನಿಯಮ ಬರೆಸಿದ ಸಭೆಯಲ್ಲಿ ರೈತರು ಎದ್ದು ನಿಂತರು. "ಅಂಗಾರೆ ನಾವು ಸೊಪ್ಪು ಬೆಳೀಬಾರ್ದಾ?" ಎಂದು ಗಲಾಟೆ. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರನ್ನು ನೋಡಿದರೆ ನಮ್ಮ ಯಜಮಾನರು. ಆಗ ನಾನು ರಾಜತಂತ್ರ ಮಾಡಿ ಇನ್ನೊಂದು ಸಾಲು ಸೇರಿಸಿದೆ: "ಈ ನಿಯಮ ಮತ್ತು ಪ್ರತಿಜ್ಞೆ ಹಳದಿ ಗೆರೆಯ ಒಳಗಡೆ ಮಾತ್ರ. ಗೆರೆಯಾಚೆ ಯಾರ ಕೆಲಸಕ್ಕೂ ಅಡ್ಡಿಯಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಯಮಕ್ಕೆ ಮೊದಲು ಬಿದ್ದವರು ಕಮಿಟಿಯ ಹಿರಿಯ ಸದಸ್ಯರಾದ ಸಿದ್ದಮಲ್ಲಪ್ಪನವರು. ಎಲೆಯಡಿಕೆಯ ಜೊತೆ ಹಾಕುವ ಕಡ್ಡಿಪುಡಿಯ ಪೊಟ್ಟಣ ಅವರ ಸೊಂಟದಲ್ಲಿ ಸಿಕ್ಕಿತು. ಎಪ್ಪತ್ತು ವರ್ಷದ ಮನುಷ್ಯ ಏಳು ದಿನ ನಿಂತು ಪ್ರತಿಜ್ಞೆ ಓದಿದರು. ಕನ್ನಡಕ ಮರೆತು ಬಂದ ದಿನ ಒಂದನೇ ಕ್ಲಾಸಿನ ಮಕ್ಕಳು ಹೇಳಿಕೊಟ್ಟರು. ಏಳನೆಯ ದಿನ ಅವರು ನನ್ನ ಹತ್ತಿರ ಬಂದು, "ಆಯ್ತು ಕಣವ್ವ. ನಿಂಗೂ ಒಂದಿನ ಬತ್ತದೆ" ಎಂದರು. ವಯಸ್ಸಾದವರ ಮಾತು ಎಂದು ನಾನು ನಕ್ಕೆ.

ಈಗ ಮುಂಗುಸಿಗೆ ಬರುತ್ತೇನೆ.

ನಮ್ಮ ಶಾಲೆಯ ವಿಜ್ಞಾನದ ಸೌಂದರ್ಯ ಮೇಡಂ ವರ್ಷಕ್ಕೊಮ್ಮೆ ಮರದ ಕಾರಿನ ರೇಸು ಮಾಡಿಸುತ್ತಾರೆ. ಇಪ್ಪತ್ತಡಿಯ ಹಲಗೆ, ಒಂದು ತುದಿ ಮೇಜಿನ ಮೇಲೆ, ಇನ್ನೊಂದು ತುದಿ ನೆಲದ ಮೇಲೆ. ನಡುವೆ ಮರದ ಪಟ್ಟಿ ಹೊಡೆದು ಎರಡು ದಾರಿ. ಕಾರಿಗೆ ಮೋಟಾರಿಲ್ಲ, ಬ್ಯಾಟರಿಯಿಲ್ಲ, ಕೈಯಲ್ಲಿ ತಳ್ಳುವಂತೆಯೂ ಇಲ್ಲ. ಮೇಲಿಂದ ಬಿಟ್ಟರೆ ಭೂಮಿಯೇ ಎಳೆದುಕೊಳ್ಳಬೇಕು. ದೇಹವೂ ಚಕ್ರವೂ ಮರದ್ದೇ ಆಗಿರಬೇಕು, ಒಟ್ಟು ತೂಕ ನೂರೈವತ್ತು ಗ್ರಾಂ ದಾಟಬಾರದು. ಗೆದ್ದವರಿಗೆ ಒಂದು ವರ್ಷ ಮನೆಯಲ್ಲಿಟ್ಟುಕೊಳ್ಳಲು ಕಪ್ಪು, ಜೊತೆಗೆ ಮೈಸೂರಿನಲ್ಲಿ ನಡೆಯುವ ಜಿಲ್ಲೆಯ ರೇಸಿಗೆ ಪ್ರಯಾಣ.

ಹೋದ ವರ್ಷದ ಕಪ್ಪು ನನ್ನ ವಾರಗಿತ್ತಿ ರಮ್ಯಳ ಮಗನ ಪಾಲಾಯಿತು. ಆ ಹುಡುಗನ ಹೆಸರು ನಿಶ್ಚಲ. ನಮ್ಮ ಮನೆ ಅವರ ಮನೆ ಎದುರುಬದುರು. ರಮ್ಯ ಆ ಕಪ್ಪನ್ನು ದೇವರ ಮುಂದೆ ಇಡಲಿಲ್ಲ, ಟಿ.ವಿ. ಮೇಲೂ ಇಡಲಿಲ್ಲ, ಬೀದಿ ಕಿಟಕಿಯಲ್ಲಿ ಇಟ್ಟಳು. ನಾನು ಬಾಗಿಲು ತೆಗೆದು ನೀರು ಹಾಕಿ ರಂಗೋಲಿಗೆ ಬಗ್ಗಿದರೆ ಮೊದಲ ದರ್ಶನ ಅದರದ್ದೇ. ನನ್ನ ಮಗಳು ಕಾವ್ಯಶ್ರೀಯ ಕಾರು ಹೋದ ವರ್ಷ ಹಲಗೆಯ ಅರ್ಧಕ್ಕೆ ಬಂದು, ಏನೋ ಮರೆತವರ ಹಾಗೆ ನಿಂತುಬಿಟ್ಟಿತ್ತು.

ಈ ವರ್ಷ ಕಾವ್ಯ ಏಳನೇ ಕ್ಲಾಸು. ನಮ್ಮ ಶಾಲೆ ಅಲ್ಲಿಗೆ ಮುಗಿಯಿತು, ಮುಂದಿನ ವರ್ಷ ಹೈಸ್ಕೂಲು. ಅಂದರೆ ಅವಳಿಗೂ ಅವಳ ಜೊತೆಗಾತಿ ಆತಿಕಾಗೂ ಇದೇ ಕೊನೆಯ ರೇಸು. ಇಬ್ಬರೂ ನೋಟ್‌ಬುಕ್ಕೊಂದನ್ನು ಇಟ್ಟುಕೊಂಡು ಬೇಸಿಗೆಯಿಂದಲೇ ತಯಾರಿ ನಡೆಸಿದ್ದರು. ಹಳೆ ಕಾರನ್ನು ಇಳಿಜಾರಿಗೆ ಬಿಟ್ಟು ಎಣಿಸುವುದು, ಬರೆಯುವುದು. ಭಾರ ಹಿಂದೆ ಇದ್ದರೆ ವೇಗ ಜಾಸ್ತಿ. ಛತ್ರಿ ಕಡ್ಡಿಯ ಅಚ್ಚು ಎಲ್ಲಕ್ಕಿಂತ ನುಣುಪು. ಎಣ್ಣೆ ಹಾಕಿದರೆ ಧೂಳು ಕೂರುತ್ತದೆ, ಪೆನ್ಸಿಲ್ ಸೀಸದ ಪುಡಿ ಹಾಕಿದರೆ ಚಕ್ರ ಜಾರುತ್ತದೆ. ಕೊನೆಯ ಪುಟದಲ್ಲಿ ಕಾವ್ಯ "ಮೈಸೂರು" ಎಂದು ಬರೆದು ಸುತ್ತ ಹೂವು ಬಿಡಿಸಿದ್ದಳು.

ಇದನ್ನೆಲ್ಲ ನೋಡಿ ನಮ್ಮ ಯಜಮಾನರು ಜಗುಲಿಯಿಂದ ಒಂದು ವೈಜ್ಞಾನಿಕ ಅಭಿಪ್ರಾಯ ಕೊಟ್ಟರು.

"ಅದ್ಯಾಕಿಷ್ಟು ತಲೆ ಕೆಡಿಸ್ಕೊಂಡೀರಿ? ಇಳಿಜಾರಿಗೆ ಬುಟ್ರೆ ಕುಂಬಳಕಾಯೂ ಓಡ್ತದೆ."

"ಓಡ್ತದೆ ಅಂಕಲ್. ನೆಟ್ಟಗೆ ಓಡಲ್ಲ" ಎಂದಳು ಆತಿಕಾ, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

ಕಾರಿಗೆ ಮುಂಗುಸಿಯ ಆಕಾರ ಇರಬೇಕೆಂದು ತೀರ್ಮಾನವಾಯಿತು. ಮುಂಗುಸಿ ಕಂಡರೆ ಶುಭ, ಓಡಿದರೆ ಕಾಣುವುದೇ ಇಲ್ಲ. ಬ್ಯಾರನ್ನಿನ ಒಲೆಗೆಂದು ತಂದು ಒಟ್ಟಿದ್ದ ಸಿಲ್ವರ್ ಓಕ್ ಸೌದೆಯಲ್ಲಿ ನಮ್ಮ ಯಜಮಾನರು ಒಂದು ತುಂಡನ್ನು ಆರಿಸಿ, ತಟ್ಟಿ, ಮೂಸಿ (ಇನ್ನೇನು ಮಾಡುತ್ತಾರೆ) ಕೊಟ್ಟರು. ಆತಿಕಾಳ ತಂದೆ ಶಂಶುದ್ದೀನ್ ಊರಿನಲ್ಲಿ ಒಳ್ಳೆ ಬಡಗಿ. ಹುಡುಗಿಯರು ಬರೆದುಕೊಟ್ಟ ಚಿತ್ರದ ಮೇಲೇ ಅವರು ಕೊಯ್ದರು, ಹುಡುಗಿಯರು ಉಪ್ಪು ಕಾಗದ ಹಾಕಿ ಉಜ್ಜಿದರು. ಚೂಪು ಮೂತಿ, ಬಾಗಿದ ಬೆನ್ನು, ಉದ್ದ ಬಾಲ. ನೋಡಿದರೆ ಕೋಳಿಗಳೂ ಹೆದರಬೇಕು. ಲಿಂಗಣ್ಣನ ಅಂಗಡಿಯ ತಕ್ಕಡಿಯಲ್ಲಿ ಚಕ್ರಗಳ ಸಮೇತ ಇಟ್ಟರೆ ಇನ್ನೂರ ಹನ್ನೆರಡು ಗ್ರಾಂ.

"ಹಸೀ ಮರ ಅಕ್ಕಾ" ಎಂದರು ಶಂಶುದ್ದೀನ್. "ನೀರೇ ತುಂಬ್ಕೊಂಡದೆ. ಒಂದು ತಿಂಗ್ಳು ನೆರಳಾಗೆ ಒಣಗ್ಲಿ, ತಾನಾಗೇ ಹಗುರ ಆಗ್ತದೆ."

"ರೇಸು ಮುಂದಿನ ಶನಿವಾರ ಶಂಶುದ್ದೀನಣ್ಣಾ. ಇನ್ನೊಂದಿಷ್ಟು ಕೆತ್ತಿಬಿಡಿ."

"ಇನ್ನೂ ಕೆತ್ತಿದ್ರೆ ಮುಂಗುಸಿ ಹೋಗಿ ಹಲ್ಲಿ ಆಗ್ತದೆ."

ಒಣಗಿಸುವ ಅಭಿಯಾನ ಶುರುವಾಯಿತು. ಗೌರಿ ಹಬ್ಬ ಕಳೆದರೂ ಸೋನೆ ಬಿಟ್ಟಿರಲಿಲ್ಲ, ಬಿಸಿಲಿನ ಮುಖ ಕಂಡು ವಾರವಾಗಿತ್ತು. ಒಲೆಯ ಪಕ್ಕ ಇಟ್ಟೆವು. ಫ್ರಿಜ್ಜಿನ ಹಿಂದೆ ಇಟ್ಟೆವು. ಅಕ್ಕಿ ಡಬ್ಬದೊಳಗೆ ಹೂತೆವು. ಎರಡು ದಿನಕ್ಕೆ ನಾಲ್ಕು ಗ್ರಾಂ ಇಳಿಯಿತು. ಈ ಲೆಕ್ಕದಲ್ಲಿ ಹೋದರೆ ಮುಂಗುಸಿ ಓಡುವ ಹೊತ್ತಿಗೆ ಕಾವ್ಯ ಕಾಲೇಜು ಮುಗಿಸಿರುತ್ತಾಳೆ.

ಭಾನುವಾರ ಸಾಯಂಕಾಲ ನನಗೆ ಜ್ಞಾನೋದಯವಾಯಿತು. ಎದುರಿಗೇ ಬ್ಯಾರನ್ ನಿಂತಿದೆ. ತೋಟದಷ್ಟು ಹಸಿ ಸೊಪ್ಪನ್ನು ಐದೇ ದಿನಕ್ಕೆ ಹಪ್ಪಳ ಮಾಡುವ ಬ್ಯಾರನ್ನಿಗೆ ಒಂದು ಹಿಡಿ ಮರ ಯಾವ ಲೆಕ್ಕ? ಗಂಡನ ಮುಂದೆ ವಿಷಯ ಇಟ್ಟೆ.

"ಏನಂದೆ?" ಅವರು ಲೋಟ ಕೆಳಗಿಟ್ಟರು. "ಬ್ಯಾರನ್ ಅಂದ್ರೆ ಏನು ನಿನ್ನ ಅಡಿಗೆಮನೆ ಅಟ್ಟ ಅನ್ಕೊಂಡಾ? ಇವತ್ತು ಮುಂಗುಸಿ ಅಂತೀಯ, ನಾಳೆ ಸಂಡಿಗೆ ಅಂತೀಯ."

"ಒಂದು ಮೂಲೆಯಲ್ಲಿ ಇರುತ್ತೆ ಕಣ್ರೀ."

"ಮೂಲೇನೂ ಬ್ಯಾಡ, ಮುಂಗುಸೀನೂ ಬ್ಯಾಡ. ಬಾಗ್ಲು ಆಕುದ್ಮ್ಯಾಲೆ ಅದ್ರ ಚಿಂತೇನೇ ಬ್ಯಾಡ. ಆ ಬಾಗ್ಲು ನಾನು ಹೇಳ್ದಾಗ್ಲೇ ತೆಗಿಯೋದು."

ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಇವರು ಬೇಡ ಅಂದ ಮೇಲೆ ಮಾಡಿದ ಕೆಲಸಗಳೇ ನಮ್ಮ ಮನೆಯಲ್ಲಿ ಚೆನ್ನಾಗಿ ನಡೆದಿವೆ ಎಂಬುದು ನನ್ನ ಗಟ್ಟಿ ಅನುಭವ. ಸೋಮವಾರ ಬೆಳಿಗ್ಗೆ ಸೊಪ್ಪು ಕಟ್ಟಲು ಕೂತಾಗ, ಮುಂಗುಸಿಯ ಚಕ್ರ ಬಿಚ್ಚಿಟ್ಟು, ಮೈಗೆ ದಾರ ಸುತ್ತಿ, ಹದಿನೇಳನೆಯ ಕಡ್ಡಿಯಲ್ಲಿ ಎರಡು ದೊಡ್ಡ ಎಲೆಗಳ ನಡುವೆ ಕಟ್ಟಿಬಿಟ್ಟೆ. ಸೋಮವಾರ ತುಂಬಿದ್ದನ್ನು ಶುಕ್ರವಾರ ಇಳಿಸುತ್ತಾರೆ, ಶನಿವಾರ ರೇಸು. ಪಂಚಾಂಗ ನೋಡಿ ಇಟ್ಟ ಮುಹೂರ್ತದ ಹಾಗೆ ಕೂಡಿಬಂದಿತ್ತು.

ಶಾಲೆಗೆ ಹೊರಟಿದ್ದ ಕಾವ್ಯ ನೋಡಿಬಿಟ್ಟಳು.

"ಅಮ್ಮಾ, ಅಪ್ಪಾಜಿ ಬ್ಯಾಡ ಅಂದವ್ರಲ್ಲ!"

"ಅಪ್ಪಾಜಿ ನಾನು ಎಸ್.ಡಿ.ಎಂ.ಸಿ.ಗೆ ನಿಲ್ಲೋದೂ ಬೇಡ ಅಂದಿದ್ರು. ನೀನು ಸ್ಕೂಲಿಗೆ ಹೋಗು."

ಸಾಯಂಕಾಲ ಬಾಗಿಲು ಮುಚ್ಚಿ ಬೆಂಕಿ ಹಾಕಿದರು. ನಾಲ್ಕು ದಿನ ನಾನು ಬ್ಯಾರನ್ನಿನ ಮುಂದೆ ಹೋಗುವಾಗೆಲ್ಲ ಅದಕ್ಕೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ಶುಕ್ರವಾರ ಮಧ್ಯಾಹ್ನ, ಊಟ ಬಡಿಸುತ್ತಾ, ಎಲ್ಲೋ ನೋಡುತ್ತಾ ಕೇಳಿದೆ. "ರೀ, ಇವತ್ತು ಸೊಪ್ಪು ಇಳಿಸ್ತೀರಲ್ವಾ?"

"ಇವತ್ತಾ? ನಾಳೆ ಸಂಜೆ ಆಗ್ಬೋದು."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಐದು ದಿನ ಆಯ್ತಲ್ರೀ!"

"ಮಳೇಗೆ ಸಿಕ್ಕಿದ್ ಸೊಪ್ಪು ಕಣೆ. ಎಲೆ ಒಣಗ್ಯದೆ, ದಂಟು ಇನ್ನೂವೆ ಹಸಿ. ನಿಂಗ್ಯಾಕೆ ಇವತ್ತು ಸೊಪ್ಪಿನ ಮ್ಯಾಲೆ ಇಷ್ಟು ಪಿರೂತಿ?"

"ಒಳಗೆ... ಮುಂಗುಸಿ ಇದೆ."

ಅವರು ಅನ್ನದ ಕೈಯಲ್ಲೇ ಎದ್ದು ಮೂಲೆಯ ದೊಣ್ಣೆ ಹಿಡಿದರು. "ಯಾವಾಗ ನುಗ್ತು? ಎಲ್ಲಿಂದ ನುಗ್ತು?"

"ಆ ಮುಂಗುಸಿ ಅಲ್ಲ. ಕಾವ್ಯನ ಮುಂಗುಸಿ. ಹದಿನೇಳನೇ ಕಡ್ಡಿಯಲ್ಲಿ. ನಾನೇ ಕಟ್ಟಿದೆ."

ದೊಣ್ಣೆ ಹಿಡಿದೇ ಅವರು ಒಂದು ನಿಮಿಷ ನಿಂತರು. ಆಮೇಲೆ ಕೂತರು. ಆಮೇಲೆ ಮತ್ತೆ ಎದ್ದರು.

"ಬ್ಯಾಡ ಅಂದಿದ್ನೋ ಇಲ್ವೋ?"

"ಅಂದಿದ್ರಿ. ಈಗ ಒಂದೇ ನಿಮಿಷ ಬಾಗಿಲು ತೆಗೆದು..."

"ಬಾಗ್ಲು ತೆಗುದ್ರೆ ಶಾಖ ಬೀಳ್ತದೆ. ಶಾಖ ಬಿದ್ರೆ ದಂಟಿನ ನೀರು ಎಲೆಗೆ ಇಳೀತದೆ. ಬಂಗಾರ್ದಂಗೆ ಬಂದಿರೋ ಸೊಪ್ಪಿನ ಮ್ಯಾಲೆ ಕರೀ ಗೆರೆ! ನಿನ್ನ ಒಂದ್ ನಿಮ್ಷ ನಂಗೊತ್ತಿಲ್ವಾ? ನಿನ್ ತಂಗಿ ಫೋನೂ ಒಂದೇ ನಿಮ್ಷ."

"ನನ್ನ ತಂಗಿ ವಿಷಯಕ್ಕೆ ಬರ್ಬೇಡಿ!"

"ನಿನ್ ತಂಗಿ ವಿಷ್ಯ ಬುಡು. ಮುಂಗುಸಿ ವಿಷ್ಯಕ್ಕೂ ಬರಲ್ಲ. ನಾಳೆ ಸಂಜೇವರ್ಗೂ ಆ ಬಾಗ್ಲು ತೆಗಿಯಾಕಿಲ್ಲ!"

ನಾಲ್ಕೂವರೆಗೆ ಹುಡುಗಿಯರು ಶಾಲೆಯಿಂದ ಬಂದರು. ನಾನೇ ಹೇಳಬೇಕಾಯಿತು. ಕಾವ್ಯ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಲಿಲ್ಲ. ಡಬ್ಬದಿಂದ ನಾಲ್ಕು ಚಕ್ರ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಹೊಸಿಲ ಮೇಲೆ ಕೂತಳು. ಮೂಗಿನ ತುದಿಯಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಷ್ಟು ಅಪರಾಧಿ ಎನಿಸಿದ್ದು ನನಗೆ ಜನ್ಮದಲ್ಲೇ ಇಲ್ಲ.

ಆತಿಕಾ ಒಂದು ಚಕ್ರ ಎತ್ತಿ ನೋಡಿ, "ಆಂಟಿ, ಚಕ್ರ ಮಾತ್ರ ಓಡಿಸ್ಬೋದಾ ಅಂತ ಮೇಡಂನ ಕೇಳ್ಲಾ?" ಎಂದಳು.

ನಮ್ಮ ಯಜಮಾನರು ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು. ಟವಲ್ ಹೆಗಲಿಗೆ ಹಾಕಿಕೊಂಡು ಬ್ಯಾರನ್ನಿನ ಕಡೆ ಹೋದರು. ಅವತ್ತು ಊಟಕ್ಕೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ನೀರು ಹಾಕಲು ಬಾಗಿಲು ತೆಗೆದರೆ ಜಗುಲಿಯ ಮೇಲೆ ಕೂತಿದ್ದಾರೆ. ಮೈಗೆ ಒದ್ದೆ ಗೋಣಿಚೀಲ, ಮುಖ ಬೆಂದ ಗೆಣಸಿನ ಬಣ್ಣ. ಕೈಯಲ್ಲಿ ಮುಂಗುಸಿ.

"ಬೆಂಕಿ ಜೋರು ಮಾಡಿ, ಬಾಗ್ಲು ಒಂಚೂರು ತೆಗ್ದು ತೆವಳ್ಕೊಂಡು ಒಳಿಕ್ಕೋದೆ" ಎಂದರು. "ಹದ್ನೇಳ್ನೇ ಕಡ್ಡಿ ಅಂದ್ಯಲ್ಲ, ಎಲ್ಲಿಂದ ಹದ್ನೇಳು ಅಂತ ಹೇಳ್ಬ್ಯಾಡ್ವಾ? ನಲ್ವತ್ತು ಕಡ್ಡಿ ತಡಕ್ದೆ."

"ಸೊಪ್ಪು?"

"ಬಾಗ್ಲ ತಾವಿನ ನಾಕಾರು ಕಡ್ಡಿ ಕಪ್ಪಾಯ್ತು. ಬುಡು ಅತ್ಲಾಗೆ. ಮಗ ಎದ್ದವ್ಳಾ?"

ಈ ಮನುಷ್ಯನನ್ನು ನಾನು ದಿನಕ್ಕೆ ಹತ್ತು ಸಲ ಆಡಿಕೊಳ್ಳುತ್ತೇನೆ. ಆ ಗಳಿಗೆಯಲ್ಲಿ ಮಾತ್ರ ಪ್ರೀತಿ ಉಕ್ಕಿ ಬಂತು. ಒಳಗೆ ಹೋಗಿ ಕಾಫಿ ತಂದುಕೊಟ್ಟೆ. (ಸಕ್ಕರೆ ಹಾಕಲು ಮರೆತಿದ್ದೆ. ಅವರಿಗೆ ಗೊತ್ತಾಗಲಿಲ್ಲ.)

ಮುಂಗುಸಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಬಾಲದ ಹತ್ತಿರ ಬೆರಳುದ್ದದ ಬಿರುಕು. ಶಂಶುದ್ದೀನ್ ಓಡಿಬಂದು ಅದಕ್ಕೆ ಮೇಣ ತುಂಬಿದರು. ಹುಡುಗಿಯರು ಚಕ್ರ ಕೂರಿಸಿ ಸೀಸದ ಪುಡಿ ಹಾಕಿದರು. ಲಿಂಗಣ್ಣನ ತಕ್ಕಡಿಯಲ್ಲಿ ನೂರ ನಲವತ್ತಾರು ಗ್ರಾಂ. ನಾಲ್ಕು ಗ್ರಾಂ ಕಡಿಮೆ ಯಾಕಿರಬೇಕು ಎಂದು ಆತಿಕಾ ಬಾಲದ ಕೆಳಗೆ ತೂತು ಕೊರೆಸಿ ಹುಣಸೆ ಬೀಜ ಒಂದೊಂದೇ ತುರುಕಿ ಸರಿಯಾಗಿ ನೂರೈವತ್ತಕ್ಕೆ ತಂದಳು. ಜಗುಲಿಯಲ್ಲಿ ಹಲಗೆ ಇಟ್ಟು ಬಿಟ್ಟು ನೋಡಿದರೆ ಸುಯ್ ಎಂದು ಹೋಗಿ ಎದುರು ಗೋಡೆಗೆ ಮುತ್ತಿಟ್ಟಿತು. ಕಾವ್ಯ ಅದನ್ನು ಎತ್ತಿ ಮೂತಿಗೆ ಮುತ್ತಿಟ್ಟಳು. ಅವಳಪ್ಪ ಎತ್ತಿ ಅಭ್ಯಾಸಬಲದಿಂದ ಮೂಸಿದರು, "ಮರ ಚೆನ್ನಾಗಿ ಒಣಗ್ಯದೆ" ಎಂದರು. ನಾನೂ ಹಿಡಿದು ನೋಡಿದೆ. ಯಾರಿಗೂ ಏನೂ ಅನ್ನಿಸಲಿಲ್ಲ.

"ಕೊಡಮ್ಮ, ನಾನು ಇಟ್ಕೊತೀನಿ" ಎಂದಳು ಕಾವ್ಯ.

"ಬೇಡ, ನೀವು ಬೀಳಿಸ್ತೀರಿ" ಎಂದು ನಾನೇ ನನ್ನ ಕೈಚೀಲದಲ್ಲಿಟ್ಟು, ಒಳ್ಳೆ ಸೀರೆ ಉಟ್ಟು, ರಮ್ಯಳ ಕಿಟಕಿಯ ಮುಂದೆ ನಿಧಾನವಾಗಿ ನಡೆದು, ನನ್ನದೇ ಹೆಸರಿನ ಬೋರ್ಡಿನ ಕೆಳಗೆ ಹಾದು ಶಾಲೆಯೊಳಗೆ ಹೋದೆ.

ಮೈಸೂರಿನಿಂದ ತೀರ್ಪುಗಾರರಾಗಿ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಹನ್ನೆರಡು ಕಾರು. ಮುಂಗುಸಿ ಮೊದಲನೆಯ ಸುತ್ತು ಗೆದ್ದಿತು, ಎರಡನೆಯದನ್ನೂ ಗೆದ್ದಿತು. ಕೊನೆಗೆ ಉಳಿದದ್ದು ನಮ್ಮ ಮುಂಗುಸಿ ಮತ್ತು ನಿಶ್ಚಲನ ಕೆಂಪು ಕಾರು. ರಮ್ಯ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. "ಯಾರ್ ಗೆದ್ರೇನಕ್ಕಾ, ನಮ್ ಮಕ್ಳೇ ಅಲ್ವಾ" ಎಂದಳು. "ಅದೇ ಅಲ್ವಾ" ಎಂದೆ ನಾನು. ಇಬ್ಬರೂ ಸೆರಗಿನೊಳಗೆ ಬೆರಳು ಮಡಚಿ ದೇವರಿಗೆ ಹರಕೆ ಹೊತ್ತಿದ್ದೆವು.

ಮೇಡಂ ಅಡ್ಡಪಟ್ಟಿ ಎತ್ತಿದರು. ನಡು ಹಲಗೆಯವರೆಗೆ ಎರಡೂ ಸಮ. ಆಮೇಲೆ ಮುಂಗುಸಿಯ ಬಾಲದಲ್ಲಿದ್ದ ಹುಣಸೆ ಬೀಜಗಳನ್ನು ಭೂಮಿತಾಯಿ ನೆನಪು ಮಾಡಿಕೊಂಡಳೋ ಏನೋ, ಒಂದು ಗೇಣು ಮುಂದೆ ಹೋಗಿ ಗೆರೆ ದಾಟಿತು. ಕಾವ್ಯ ಮತ್ತು ಆತಿಕಾ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದೆ. ಅಧ್ಯಕ್ಷೆಗೆ ಶೋಭಿಸುವ ನಡತೆಯಲ್ಲ ಎಂದು ಆಮೇಲೆ ಗೊತ್ತಾಯಿತು.

ತೀರ್ಪುಗಾರರು ಮುಂಗುಸಿಯನ್ನು ಎತ್ತಿ ಹಿಡಿದು, "ಮಕ್ಕಳೇ, ಈ ಸುಂದರವಾದ..." ಎಂದವರು ನಿಂತರು. ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಮೂರು ಸಲ ಸೀನಿದರು.

"ಇದರಲ್ಲಿ ಏನೋ ಘಾಟು ವಾಸನೆ ಬರ್ತಾ ಇದೆಯಲ್ಲ? ತಂಬ್..." ಅವರು ಮುಂಗುಸಿಯನ್ನು ತಿರುಗಿಸಿದರು. ಬಾಲದ ಬಿರುಕಿನ ಮೇಣ ಎದ್ದಿತ್ತು, ಅದರೊಳಗಿಂದ ಒಣಗಿದ ಹೊಗೆಸೊಪ್ಪಿನ ಚೂರೊಂದು ಇಣುಕುತ್ತಿತ್ತು. ಎಳೆದರು. ಬೆರಳುದ್ದ ಬಂತು. ಬಂಗಾರದ ಬಣ್ಣ, ಕರೀ ಗೆರೆಯಿಲ್ಲದ ಒಳ್ಳೆ ಸೊಪ್ಪು.

"ಇದು ತಂಬಾಕು ಮುಕ್ತ ಶಾಲೆ ಅಂತ ಗೇಟಿನಲ್ಲಿ ದೊಡ್ಡದಾಗಿ ಬರೆದಿದೆಯಲ್ಲ?" ಎಂದರು ಅವರು.

ಸಭೆಯ ಹಿಂದಿನ ಸಾಲಿನಲ್ಲಿ ಒಂದು ಊರುಗೋಲು ನೆಲ ಕುಟ್ಟಿತು. ಸಿದ್ದಮಲ್ಲಪ್ಪನವರು ಎದ್ದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವತ್ತು ಅವರು ಅದನ್ನು ಮರೆತು ಬಂದಿರಲಿಲ್ಲ.

"ಮೇಡಂನೋರೆ, ಆ ನಡಾವಳಿ ಪುಸ್ತಕ ಒಸಿ ತತ್ತೀರಾ?"

ಪುಸ್ತಕ ಬಂತು. ನಿಯಮ ಓದಿದ್ದಾಯಿತು. ಕಾವ್ಯಳ ಮುಖ ಬಿಳಿಚಿಕೊಂಡಿತು. "ಕಾರನ್ನ ಹೊರಗೆ ಹಾಕ್ತೀರಾ ಸಾರ್?" ಎಂದಳು, ಕೇಳಿಸಿದ್ದೇ ಕಷ್ಟ. ತೀರ್ಪುಗಾರರು ರೇಸಿನ ನಿಯಮದ ಹಾಳೆಯನ್ನು ಎರಡು ಸಲ ನೋಡಿದರು. ಮರ, ತೂಕ, ಚಕ್ರ, ತಳ್ಳುವಂತಿಲ್ಲ. ವಾಸನೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಕಾರು ಗೆದ್ದಿದೆ, ಅದರಲ್ಲಿ ಮಾತಿಲ್ಲ. ಆದರೆ ಶಾಲೆಯ ನಿಯಮ ಇದೆಯಲ್ಲ, ಅದಕ್ಕೇನು ಮಾಡ್ತೀರಿ?"

ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ. "ಸೊಪ್ಪು ನಮ್ಮ ಯಜಮಾನ್ರದ್ದು ಸಾರ್" ಎಂದೆ. (ಪತಿಯೇ ಪರದೈವ ಎನ್ನುವುದು ಇಂಥ ಸಮಯಕ್ಕೇ.)

"ಬೆಳ್ದೋರು ಯಾರು ಅಂತ ಪುಸ್ತಕ್ದಾಗೆ ಬರ್ದಿಲ್ಲ ಕಣವ್ವ" ಎಂದರು ಸಿದ್ದಮಲ್ಲಪ್ಪ, ಬೆರಳಿಟ್ಟು ತೋರಿಸುತ್ತಾ. "ಗೆರೆ ಒಳ್ಗೆ ತಂದೋರು ಯಾರು ಅಂತ ಬರ್ದದೆ. ಮಗಾ ಕಾವ್ಯಾ, ತಂದೋರು ಯಾರವ್ವ?"

ನನ್ನ ಮಗಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸಿದವಳು ನಾನೇ. "ಅಮ್ಮ, ಕೈಚೀಲದಾಗೆ" ಎಂದಳು. ಸಾಲದು ಎಂದು ಆತಿಕಾ, "ಬ್ಯಾರನ್ನಿಗೆ ಕಟ್ಟಿದ್ದೂ ಆಂಟೀನೇ. ಅಂಕಲ್ ಬೇಡ ಅಂದಿದ್ರು. ನೋಟ್‌ಬುಕ್ಕಲ್ಲಿ ಬರೆದಿದ್ದೀವಿ" ಎಂದು ದಾಖಲೆ ಸಮೇತ ಮುಂದಿಟ್ಟಳು.

ರಮ್ಯ ನನ್ನ ಕೈ ಒತ್ತಿ ಸಮಾಧಾನ ಹೇಳಿದಳು. ಅಷ್ಟು ಸಂತೋಷದಿಂದ ಯಾರೂ ಯಾರಿಗೂ ಸಮಾಧಾನ ಹೇಳಿರಲಿಕ್ಕಿಲ್ಲ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ನೂರಾ ಇಪ್ಪತ್ತು ಮಕ್ಕಳ ಮುಂದೆ ನಿಂತೆ. "ನಾನು ತಂಬಾಕನ್ನು ಯಾವ ರೂಪದಲ್ಲೂ ಮುಟ್ಟುವುದಿಲ್ಲ..." ಸಿದ್ದಮಲ್ಲಪ್ಪನವರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. "ಹಿಂದ್ಲೋರ್ಗೆ ಕೇಳುಸ್ತಿಲ್ಲ ಕಣವ್ವ" ಎಂದು ಎರಡು ಸಲ ಓದಿಸಿದರು. ಗೇಟಿನ ಹೊರಗೆ, ಹಳದಿ ಗೆರೆಗೆ ಸರಿಯಾಗಿ ಒಂದು ಅಂಗುಲ ಆಚೆ, ನಮ್ಮ ಯಜಮಾನರು ಬೈಕಿನ ಮೇಲೆ ಕೂತು ಕೇಳುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಆಗುವುದೆಲ್ಲ ಒಳ್ಳೆಯದಕ್ಕೇ. ಅಂಗಳದಲ್ಲಿ ಅವತ್ತು ಗಿಡದಿಂದ ಮುರಿದು ತಂದ ಸೊಪ್ಪು ಗುಡ್ಡೆಯಾಗಿ ಬಿದ್ದಿತ್ತು, ಮುನ್ನೂರು ಕಡ್ಡಿ ಕಟ್ಟುವಷ್ಟು. ನಾನು ಕಾಲು ಚಾಚಿ ಜಗುಲಿಯ ಮೇಲೆ ಕೂತೆ.

"ಯಾಕೆ, ಕಟ್ಟಾಕಿಲ್ವಾ?" ಎಂದರು.

"ಹೇಗೆ ಕಟ್ಲಿ? ಯಾವ ರೂಪದಲ್ಲೂ ಮುಟ್ಟಲ್ಲ ಅಂತ ಮಕ್ಕಳ ಮುಂದೆ ಪ್ರತಿಜ್ಞೆ ಮಾಡಿ ಬಂದಿದ್ದೀನಿ. ಆಡಿದ ಮಾತು ಮುರೀಬಾರ್ದು."

ಅವರು ಜಗಳ ಆಡಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ನಡಾವಳಿ ಪುಸ್ತಕದ ಪುಟದ ಫೋಟೋ. ಸಿದ್ದಮಲ್ಲಪ್ಪನವರೇ ತೆಗೆಸಿ ಕಳಿಸಿದ್ದಂತೆ. "ಈ ನಿಯಮ ಮತ್ತು ಪ್ರತಿಜ್ಞೆ ಹಳದಿ ಗೆರೆಯ ಒಳಗಡೆ ಮಾತ್ರ. ಗೆರೆಯಾಚೆ ಯಾರ ಕೆಲಸಕ್ಕೂ ಅಡ್ಡಿಯಿಲ್ಲ." ಕೆಳಗೆ ನನ್ನದೇ ಸಹಿ, ನನ್ನದೇ ಮೊಹರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಪ್ಪಿನ ಮುಂದೆ ಕೂತೆ. ಎದುರು ಮನೆಯ ಕಿಟಕಿ ಖಾಲಿಯಾಗಿತ್ತು, ಕಪ್ಪು ಈಗ ನಮ್ಮ ಕಿಟಕಿಯಲ್ಲಿತ್ತು. ಅದನ್ನು ನೋಡಿಕೊಂಡು ಕಟ್ಟುತ್ತಾ ಹೋದೆ. ಸಾಯಂಕಾಲ ಶಾಲೆಯಿಂದ ಬಂದ ಕಾವ್ಯ ಬ್ಯಾಗು ಕೆಳಗಿಟ್ಟವಳೇ ನಾನು ಕಟ್ಟಿಟ್ಟ ಕಡ್ಡಿಗಳ ಸೊಪ್ಪಿನ ನಡುವೆ ಕೈ ಹಾಕಿ ಒಂದೊಂದನ್ನೇ ತಡವಿ ನೋಡತೊಡಗಿದಳು.

"ಏನೇ ಹುಡುಕ್ತಿದ್ದೀಯ?"

"ಏನಿಲ್ಲಮ್ಮ. ಬಾಗ್ಲು ಆಕೋಕೆ ಮೊದ್ಲು ನೀನು ಕಟ್ಟಿರೋದನ್ನ ಚೆಕ್ ಮಾಡು ಅಂತ ಅಪ್ಪಾಜಿ ಹೇಳವ್ರೆ."